ಬಾಲ್ಯದ ಕ್ಯಾನ್ಸರ್‌ನಿಂದ ಗುಣವಾದವರ ದೇಹತೂಕ: ಪಾಠ ಮುಗಿದ ಮೇಲಿನ ಪಾಠ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ‘ಮಾನವನ ಆರೋಗ್ಯ ಮತ್ತು ರೋಗಗಳು’ ಅಧ್ಯಾಯದಲ್ಲಿ ಕ್ಯಾನ್ಸರ್ ಬಗ್ಗೆ ಒಂದೆರಡು ಪುಟಗಳಿವೆ. ಕೋಶ ವಿಭಜನೆ ಹತೋಟಿ ತಪ್ಪುವುದು, ಗೆಡ್ಡೆಗಳಲ್ಲಿ ಎರಡು ಬಗೆ, ಬಯಾಪ್ಸಿ, ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಔಷಧಗಳು. ಔಷಧದಿಂದ ಕೂದಲು ಉದುರುತ್ತದೆ, ರಕ್ತಹೀನತೆ ಬರುತ್ತದೆ ಎನ್ನುವಲ್ಲಿಗೆ ಪಾಠ ಹೆಚ್ಚುಕಡಿಮೆ ಮುಗಿಯುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಉದುರಿದ ಕೂದಲು ಮತ್ತೆ ಬಂದು, ಮಗು ಶಾಲೆಗೆ ಹೋಗಿ, ಎಸ್ಸೆಸ್ಸೆಲ್ಸಿ ಮುಗಿಸಿ, ದುಡಿಯುವ ವಯಸ್ಸಿಗೆ ಬಂದ ಮೇಲೆ ಆ ದೇಹ ಹೇಗಿರುತ್ತದೆ ಎಂಬುದು ಅಲ್ಲಿಲ್ಲ. ಪಠ್ಯ ಬರೆದವರನ್ನು ದೂರುವುದಿಲ್ಲ. ಎರಡು ತಲೆಮಾರಿನ ಹಿಂದೆ ಈ ಪ್ರಶ್ನೆ ಕೇಳಲು ಬದುಕಿ ಉಳಿದವರೇ ಕಡಿಮೆ ಇದ್ದರು.

ಈಗ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳು ಬಹಳ ಹಿಂದಿವೆ. 2030ರ ಹೊತ್ತಿಗೆ ಎಲ್ಲ ಕಡೆಯೂ ಕನಿಷ್ಠ 60 ಮಂದಿಯಾದರೂ ಉಳಿಯಬೇಕೆಂಬ ಗುರಿಯನ್ನು ಆ ಸಂಸ್ಥೆ 2018ರಲ್ಲಿ ಹಾಕಿಕೊಂಡಿತು. ನಮ್ಮ ಮದ್ದೂರು, ಮಳವಳ್ಳಿ ಕಡೆಯಿಂದ ಇಂಥ ಮಕ್ಕಳನ್ನು ಕರೆದುಕೊಂಡು ಹೋಗುವುದು ಮೈಸೂರಿಗೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ. ಅದು 1973ರಲ್ಲಿ ಆರಂಭವಾದದ್ದು. ಕಿದ್ವಾಯಿ ಎಂದರೆ ಯಾರೋ ದೊಡ್ಡ ಡಾಕ್ಟರು ಎಂದುಕೊಂಡವರು ತರಗತಿಯಲ್ಲಿ ಪ್ರತಿ ವರ್ಷವೂ ಸಿಗುತ್ತಾರೆ. ರಫಿ ಅಹ್ಮದ್ ಕಿದ್ವಾಯಿ ಸ್ವಾತಂತ್ರ್ಯ ಹೋರಾಟಗಾರರು, ನೆಹರೂ ಸಂಪುಟದಲ್ಲಿ ಸಚಿವರಾಗಿದ್ದವರು. ಇರಲಿ.

ಹಾಗೆ ಹೋಗಿ ಗುಣವಾಗಿ ಬಂದವರು ನಮ್ಮ ನಡುವೆಯೇ ಇದ್ದಾರೆ. ನನ್ನ ತಂಗಿ ಅವರಲ್ಲಿ ಒಬ್ಬಳು. ಹೆಸರು ಹಾಕಬೇಡ, ವಿಷಯ ಬೇಕಾದರೆ ಬರಿ ಎಂದಿದ್ದಾಳೆ. 1996ರಲ್ಲಿ, ನಾಲ್ಕು ವರ್ಷದವಳಿದ್ದಾಗ, ಬಿಡದ ಜ್ವರ, ಕಾಲುನೋವು, ಮೈಮೇಲೆ ಅಲ್ಲಲ್ಲಿ ನೀಲಿ ಕಲೆ. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದರು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಎರಡೂವರೆ ವರ್ಷ ಔಷಧ ನಡೆಯಿತು. ನಡುವೆ ತಲೆಗೆ ‘ಕರೆಂಟ್ ಕೊಡಿಸಿದ್ದು’ ಎಂದು ನಮ್ಮಮ್ಮ ಇಂದಿಗೂ ಹೇಳುವ ವಿಕಿರಣ ಚಿಕಿತ್ಸೆ. ಕಾಯಿಲೆ ಹೋಯಿತು, ಮತ್ತೆ ಬರಲಿಲ್ಲ. ಆದರೆ ಹತ್ತು ಹನ್ನೊಂದು ವರ್ಷದಿಂದ ತೂಕ ಏರುತ್ತಾ ಬಂತು, ಎತ್ತರ ಮಾತ್ರ ಏರಲಿಲ್ಲ. ಈಗ 148 ಸೆಂಟಿಮೀಟರ್ ಎತ್ತರ, 64 ಕಿಲೋ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ. ನಾನು ಉಣ್ಣುವುದರಲ್ಲಿ ಮುಕ್ಕಾಲು ಪಾಲೂ ಅವಳು ಉಣ್ಣುವುದಿಲ್ಲ. ಒಂದೇ ಅಡುಗೆಮನೆ, ಅದೇ ಮುದ್ದೆ, ಅದೇ ಉಪ್ಸಾರು. ಆದರೂ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ಯಾರಾದರೊಬ್ಬರು “ಸ್ವಲ್ಪ ಬಾಯಿ ಕಟ್ಟಮ್ಮ” ಎನ್ನದೆ ಬಿಡುವುದಿಲ್ಲ. ಹಾಗೆ ಅನ್ನುವವರು ಕೆಟ್ಟವರಲ್ಲ. ತೂಕವೆಂದರೆ ಊಟದ ಲೆಕ್ಕ ಎಂದು ನಂಬಿದವರು, ಅಷ್ಟೆ. ಆ ನಂಬಿಕೆ ಇಂಥವರ ವಿಷಯದಲ್ಲಿ ಎಷ್ಟು ನಿಲ್ಲುತ್ತದೆ ಎಂದು ನೋಡುವುದೇ ಈ ಲೇಖನದ ಕೆಲಸ.

ಅಮೆರಿಕದಲ್ಲಿ ಬಾಲ್ಯದ ಕ್ಯಾನ್ಸರ್‌ನಿಂದ ಉಳಿದವರ ದೊಡ್ಡದೊಂದು ಅಧ್ಯಯನ 1994ರಲ್ಲಿ ಶುರುವಾಯಿತು. 1970ರಿಂದ 1986ರ ನಡುವೆ ರೋಗ ಪತ್ತೆಯಾಗಿ, ಐದು ವರ್ಷ ದಾಟಿ ಬದುಕಿದವರನ್ನು ಅದಕ್ಕೆ ಸೇರಿಸಿಕೊಂಡರು. ಅದರ ಒಂದು ಭಾಗವಾಗಿ ಕೆವಿನ್ ಓಫಿಂಗರ್ ಮತ್ತು ಜೊತೆಗಾರರು 2003ರಲ್ಲಿ ಒಂದು ವರದಿ ಪ್ರಕಟಿಸಿದರು. ನನ್ನ ತಂಗಿಗೆ ಬಂದಿದ್ದ ಅದೇ ಲ್ಯುಕೇಮಿಯಾ ಬಂದು ಈಗ ವಯಸ್ಕರಾಗಿರುವ 1,765 ಮಂದಿ ಒಂದು ಕಡೆ. ಅಧ್ಯಯನದಲ್ಲಿದ್ದವರ ಅಣ್ಣತಮ್ಮ, ಅಕ್ಕತಂಗಿಯರು 2,565 ಮಂದಿ ಇನ್ನೊಂದು ಕಡೆ. ಹೋಲಿಕೆಗೆ ಒಡಹುಟ್ಟಿದವರನ್ನೇ ಏಕೆ ಆರಿಸಿದರು? ಒಂದೇ ಒಲೆಯ ಅಡುಗೆ ಉಂಡವರು, ಅದೇ ತಂದೆತಾಯಿಯ ವಂಶವಾಹಿಗಳನ್ನು ಹಂಚಿಕೊಂಡವರು. ಇವರ ನಡುವೆ ವ್ಯತ್ಯಾಸ ಕಂಡರೆ ಅದನ್ನು ಮನೆಯ ಊಟದ ಮೇಲೆ ಹಾಕುವುದು ಕಷ್ಟ. ನನಗೆ ಈ ಅಧ್ಯಯನದಲ್ಲಿ ಬಹಳ ಹಿಡಿಸಿದ್ದು ಇದೇ.

ಸಿಕ್ಕಿದ ಉತ್ತರ ಇದು. ತಲೆಗೆ 20 ಗ್ರೇ ಅಥವಾ ಅದಕ್ಕಿಂತ ಹೆಚ್ಚು ವಿಕಿರಣ ಪಡೆದ ಹೆಂಗಸರಲ್ಲಿ ಬೊಜ್ಜಿನ ಆಡ್ಸ್ ಅನುಪಾತ 2.59, ಗಂಡಸರಲ್ಲಿ 1.86. ನಾಲ್ಕು ವರ್ಷ ತುಂಬುವ ಆಸುಪಾಸಿನ ಒಳಗೇ ರೋಗ ಪತ್ತೆಯಾಗಿ ಇಷ್ಟು ವಿಕಿರಣ ಪಡೆದ ಹೆಣ್ಣುಮಕ್ಕಳಲ್ಲಿ 3.81. ಬರೀ ಔಷಧ ಪಡೆದವರು, ವಿಕಿರಣ ಪಡೆಯದವರು? ಅವರಿಗೂ ಒಡಹುಟ್ಟಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಗಣಿತ ತೆಗೆದುಕೊಂಡಿರುವವರಿಗೆ ಇಲ್ಲಿ ಒಂದು ಮಾತು. 2.59 ಎಂದರೆ ‘ಎರಡೂವರೆ ಪಟ್ಟು ಜನ ದಪ್ಪಗಿದ್ದರು’ ಎಂದಲ್ಲ. ಆಡ್ಸ್ ಎಂದರೆ ಇರುವವರನ್ನು ಇಲ್ಲದವರಿಂದ ಭಾಗಿಸಿದ ಸಂಖ್ಯೆ. ಉದಾಹರಣೆಗೆ ಒಂದು ಗುಂಪಿನ 100 ಜನರಲ್ಲಿ 20 ಮಂದಿಗೆ ಬೊಜ್ಜಿದೆ ಎನ್ನಿ. ಆಡ್ಸ್ 20 ಭಾಗಿಸು 80, ಅಂದರೆ 0.25. ಇನ್ನೊಂದು ಗುಂಪಿನಲ್ಲಿ ಅದು 2.59 ಪಟ್ಟಾದರೆ ಸುಮಾರು 0.65. ಅದನ್ನು ಮತ್ತೆ ಜನರ ಲೆಕ್ಕಕ್ಕೆ ತಂದರೆ 100ಕ್ಕೆ 39 ಮಂದಿ. 52 ಅಲ್ಲ. ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಈ ತಪ್ಪು ಆಗಾಗ ಕಾಣುತ್ತದೆ. ಇನ್ನೊಂದು ಎಚ್ಚರಿಕೆ: ಆ ಅಧ್ಯಯನದಲ್ಲಿ ಎತ್ತರ, ತೂಕ ಎರಡನ್ನೂ ಜನರೇ ಬರೆದು ಕಳಿಸಿದ್ದು, ಯಾರೂ ಅಳೆದದ್ದಲ್ಲ.

ಇನ್ನು, ರಕ್ತದ ಕ್ಯಾನ್ಸರ್‌ಗೆ ತಲೆಗೇಕೆ ವಿಕಿರಣ? ಔಷಧಗಳು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ. ನಡುವೆ ಒಂದು ತಡೆ ಇದೆ. ಲ್ಯುಕೇಮಿಯಾ ಕೋಶಗಳು ಆ ತಡೆಯ ಆಚೆ ಅಡಗಿದ್ದು, ಎಲ್ಲ ಸರಿಹೋಯಿತು ಎನ್ನುವಾಗ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಸಂಗಡಿಗರು ತಲೆಗೂ ವಿಕಿರಣ ಕೊಟ್ಟು ನೋಡಿದರು. ಅಲ್ಲಿಯವರೆಗೆ ಹೆಚ್ಚುಕಡಿಮೆ ಸಾವೇ ಗತಿಯಾಗಿದ್ದ ರೋಗದಲ್ಲಿ ಅರ್ಧದಷ್ಟು ಮಕ್ಕಳು ಉಳಿಯುವ ಕಾಲ ಬಂತು. ನಮ್ಮ ದೇಶದಲ್ಲಿ 1980ರ ದಶಕದಿಂದ ಮುಂಬೈ, ದೆಹಲಿ, ಚೆನ್ನೈನ ದೊಡ್ಡ ಆಸ್ಪತ್ರೆಗಳಲ್ಲಿ ಎಂಸಿಪಿ-841 ಎಂಬ ಚಿಕಿತ್ಸಾ ಕ್ರಮ ನಡೆಯಿತು. ಅದರಲ್ಲೂ ತಲೆಗೆ ವಿಕಿರಣ ಒಂದು ಭಾಗ. ಅದು ಇಲ್ಲದಿದ್ದರೆ ಬಹಳ ಮಂದಿ ಇಂದು ಇರುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಈಗ ಕಾಲ ಬದಲಾಗಿದೆ. ಸೇಂಟ್ ಜೂಡ್‌ನವರೇ 2000ರಿಂದ 2007ರವರೆಗೆ ನಡೆಸಿದ ಚಿಕಿತ್ಸಾ ಪ್ರಯೋಗದಲ್ಲಿ ತಲೆಯ ವಿಕಿರಣವನ್ನು ಪೂರ್ತಿ ಕೈಬಿಟ್ಟು, ಬೆನ್ನುಹುರಿಯ ದ್ರವಕ್ಕೆ ಔಷಧ ಕೊಟ್ಟು, ಫಲ ಕೆಡುವುದಿಲ್ಲ ಎಂದು 2009ರಲ್ಲಿ ತೋರಿಸಿದರು. ಇಂದಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬೇಕಾಗುವುದಿಲ್ಲ. ಆದರೆ ಅಂದು ಪಡೆದವರು ಈಗ ಮೂವತ್ತು, ನಲವತ್ತರ ವಯಸ್ಸಿನಲ್ಲಿದ್ದಾರೆ.

ವಿಕಿರಣ ತಲೆಯಿಂದ ಹೊಟ್ಟೆಯ ಸುತ್ತಳತೆಗೆ ಹೇಗೆ ಬಂತು ಎಂಬುದಕ್ಕೆ ಪ್ರಥಮ ಪಿಯುಸಿಯ ‘ರಾಸಾಯನಿಕ ಸಹಭಾಗಿತ್ವ’ ಪಾಠ ತೆಗೆಯಿರಿ. ಮಿದುಳಿನ ತಳದಲ್ಲಿ ಹೈಪೋಥಲಾಮಸ್, ಅದರ ಕೆಳಗೆ ತೊಟ್ಟಿನಿಂದ ಇಳಿಬಿದ್ದ ಹಾಗೆ ಪಿಟ್ಯುಟರಿ. ಹಸಿವು, ತೃಪ್ತಿ, ಬೆಳವಣಿಗೆ, ಥೈರಾಯ್ಡ್, ಋತುಚಕ್ರ ಎಲ್ಲದರ ಹಿಡಿತ ಈ ಚಿಕ್ಕ ಜಾಗದಲ್ಲಿದೆ. ವಿಕಿರಣಕ್ಕೆ ಇಲ್ಲಿ ಮೊದಲು ಸೋಲುವುದು ಬೆಳವಣಿಗೆ ಹಾರ್ಮೋನು. ಆ ಹಾರ್ಮೋನಿನ ಕೆಲಸ ಎತ್ತರ ಕೊಡುವುದಕ್ಕೆ ಮುಗಿಯುವುದಿಲ್ಲ. ಅದು ಕೊಬ್ಬನ್ನು ಕರಗಿಸಿ ಸ್ನಾಯುವನ್ನು ಕಟ್ಟುತ್ತದೆ, ದೊಡ್ಡವರಾದ ಮೇಲೂ. ಅದು ಕಡಿಮೆಯಾದವರಲ್ಲಿ ಸ್ನಾಯು ಸೊರಗಿ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ನಿಂತಲ್ಲಿ ಕೂತಲ್ಲಿ ಶಕ್ತಿಯನ್ನು ಖರ್ಚು ಮಾಡುವುದರಲ್ಲಿ ಸ್ನಾಯುವಿನ ಪಾಲು ಕೊಬ್ಬಿಗಿಂತ ಹೆಚ್ಚು. ಅದು ಕಡಿಮೆಯಾದರೆ, ಮೊದಲಿನಷ್ಟೇ ಉಂಡರೂ ಮಿಗುವುದು ಹೆಚ್ಚು.

ಎರಡನೆಯದು ಲೆಪ್ಟಿನ್. 1994ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆ ಮಾಡಿದ ಹಾರ್ಮೋನು ಇದು. ಕೊಬ್ಬಿನ ಕೋಶಗಳೇ ಇದನ್ನು ರಕ್ತಕ್ಕೆ ಬಿಡುತ್ತವೆ. ಕಣಜದಲ್ಲಿ ದವಸ ಸಾಕಷ್ಟಿದೆ, ಇನ್ನು ತುಂಬುವುದು ಬೇಡ ಎಂದು ಹೈಪೋಥಲಾಮಸ್‌ಗೆ ಹೋಗುವ ಓಲೆ ಎನ್ನಬಹುದು. ಓಲೆ ಓದಬೇಕಾದ ಜಾಗಕ್ಕೇ ಪೆಟ್ಟು ಬಿದ್ದಿದ್ದರೆ? ತಲೆಗೆ ವಿಕಿರಣ ಪಡೆದವರ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿರುವುದಿಲ್ಲ, ಹೆಚ್ಚೇ ಇರುತ್ತದೆ. ಹೋಗುತ್ತಿರುವ ಸಂದೇಶ ಮುಟ್ಟುತ್ತಿಲ್ಲ ಎಂಬ ಊಹೆಗೆ ಇದು ಆಧಾರ. ಹೈಪೋಥಲಾಮಸ್ ಪಕ್ಕದಲ್ಲೇ ಬೆಳೆಯುವ ಕ್ರೇನಿಯೋಫ್ಯಾರಿಂಜಿಯೋಮ ಎಂಬ ಗೆಡ್ಡೆಯವರಲ್ಲಿ ಇದರ ಘೋರ ರೂಪ ಕಾಣುತ್ತದೆ: ಉಂಡೆದ್ದ ಮೇಲೂ ಹಸಿವು ಇಂಗುವುದಿಲ್ಲ. “ಬಾಯಿ ಕಟ್ಟು” ಎಂಬ ಉಪದೇಶ ಅಂಥವರಿಗೆ ಎಷ್ಟು ಉಪಯೋಗ ಎಂದು ನೀವೇ ಯೋಚಿಸಿ.

ಔಷಧಗಳಿಗೂ ಪಾಲಿದೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್‌ಗಳು ಹಸಿವನ್ನು ಕೆರಳಿಸಿ ಸ್ನಾಯುವನ್ನು ಕರಗಿಸುತ್ತವೆ. ವಿನ್‌ಕ್ರಿಸ್ಟೀನ್ ಕಾಲಿನ ನರಗಳಿಗೆ ಪೆಟ್ಟು ಕೊಡುತ್ತದೆ. ಓಡಲು ಹೋದರೆ ಪಾದ ಎಡವುವ ಮಗು ಆಟಕ್ಕೆ ಹೋಗುವುದನ್ನೇ ಬಿಡುತ್ತದೆ. ಇದಕ್ಕೆ ಸೇರಿ, ಕಾಯಿಲೆ ಬಂದ ಮಗುವನ್ನು ಮನೆಯವರು ಬಿಸಿಲಿಗೂ ಬಿಡದೆ ಸಾಕುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಹೈಸ್ಕೂಲು ಮುಗಿಯುವವರೆಗೆ ತಂಗಿ ಪಿ.ಟಿ. ಪಿರಿಯಡ್ಡಿನಲ್ಲಿ ಮರದ ಕೆಳಗೆ ಕೂತಿದ್ದವಳೇ.

ಇಷ್ಟು ಓದಿ, ಬಾಲ್ಯದ ಕ್ಯಾನ್ಸರ್‌ನಿಂದ ಉಳಿದವರೆಲ್ಲ ದಪ್ಪಗಾಗುತ್ತಾರೆ ಎಂದು ಬರೆದುಕೊಳ್ಳಬೇಡಿ. ವಿಕಿರಣ ಎಲ್ಲಿಗೆ ಬಿತ್ತು ಎಂಬುದರ ಮೇಲೆ ಕಥೆ ತಿರುಗಿಬಿಡುತ್ತದೆ. ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆಯಂಥ ರೋಗಕ್ಕೆ ಹೊಟ್ಟೆಯ ಭಾಗಕ್ಕೆ ವಿಕಿರಣ ಪಡೆದವರು, ಮಜ್ಜೆ ಕಸಿಗೆ ಮುಂಚೆ ಇಡೀ ಮೈಗೆ ವಿಕಿರಣ ಪಡೆದವರು ದೊಡ್ಡವರಾದ ಮೇಲೆ ತೆಳ್ಳಗೆ ಉಳಿಯುವುದೇ ಹೆಚ್ಚು. ವಿಕಿರಣ ಬಿದ್ದ ಕಡೆಯ ಸ್ನಾಯು, ಮೂಳೆ ಪೂರ್ತಿ ಬೆಳೆಯುವುದಿಲ್ಲ. ಇಂಥವರಿಗೆ ನಮ್ಮ ಜನ ಹೇಳುವುದು ಉಲ್ಟಾ: “ಮನೇಲಿ ಊಟ ಹಾಕಲ್ವೇನಪ್ಪ?”

ಭಾರತದ ಚಿತ್ರವೂ ಈ ಕಡೆಗೇ ವಾಲಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1991ರಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ ಒಂದು ಕ್ಲಿನಿಕ್ ತೆರೆಯಿತು. ಡಾ. ಪೂರ್ಣಾ ಕುರ್ಕುರೆ ಕಟ್ಟಿದ್ದು; ದೇಶದಲ್ಲಿ ಇಂಥದ್ದು ಅದೇ ಮೊದಲು. ಅಲ್ಲಿಗೆ ಬರುತ್ತಿರುವವರ ಪೌಷ್ಟಿಕ ಸ್ಥಿತಿಯನ್ನು ಅಳೆದು ಪ್ರಕಟಿಸಿದಾಗ ಬೊಜ್ಜು ಪಶ್ಚಿಮದವರಿಗಿಂತ ಬಹಳ ಕಡಿಮೆ ಕಂಡಿತು, ತೂಕ ಸಾಲದವರು ಹೆಚ್ಚು ಕಂಡರು. ನಮ್ಮಲ್ಲಿ ಮಗು ಆಸ್ಪತ್ರೆ ಸೇರುವಾಗಲೇ ಸೊರಗಿರುತ್ತದೆ ಎಂಬುದು ಒಂದು ಕಾರಣವಿರಬೇಕು ಎಂದು ನನ್ನ ಎಣಿಕೆ. ಅಮೆರಿಕದ ಲೆಕ್ಕವನ್ನು ಎತ್ತಿ ತಂದು ಮಂಡ್ಯಕ್ಕೆ ಅಂಟಿಸಲು ಆಗುವುದಿಲ್ಲ.

ತೆಳ್ಳಗಿದ್ದರೆ ಒಳ್ಳೆಯದೇ ಆಯಿತಲ್ಲ ಎನ್ನುವವರಿದ್ದಾರೆ. ಸಕ್ಕರೆ ನಾಡಿನವರಾದ ನಾವು ಸಕ್ಕರೆ ಕಾಯಿಲೆಯನ್ನು ದಪ್ಪಗಿರುವವರ ಕಾಯಿಲೆ ಎಂದು ತಿಳಿದಿರುವುದೇ ಇದಕ್ಕೆ ಮೂಲ. ಅದೇ ಅಮೆರಿಕದ ಅಧ್ಯಯನದಿಂದ 2009ರಲ್ಲಿ ಇನ್ನೊಂದು ವರದಿ ಬಂತು: ಒಡಹುಟ್ಟಿದವರಿಗೆ ಹೋಲಿಸಿದರೆ ಉಳಿದವರಲ್ಲಿ ಮಧುಮೇಹದ ಸಂಭವ 1.8 ಪಟ್ಟು. ಇಡೀ ಮೈಗೆ ಅಥವಾ ಹೊಟ್ಟೆಗೆ ವಿಕಿರಣ ಪಡೆದವರಲ್ಲಿ ಅಪಾಯ ಇನ್ನೂ ಹೆಚ್ಚು, ತೂಕದ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೂ. ಹೊಟ್ಟೆಗೆ ಬಿದ್ದ ವಿಕಿರಣ ಮೇದೋಜೀರಕ ಗ್ರಂಥಿಯ ಬಾಲದ ಭಾಗಕ್ಕೂ ತಾಗುತ್ತದೆ. ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು ದಟ್ಟವಾಗಿರುವುದು ಅಲ್ಲೇ.

ಹಾಗಾದರೆ ದೇಹತೂಕ ಸೂಚ್ಯಂಕ, ನಾವು ಬಿಎಂಐ ಎನ್ನುವುದು, ಎಷ್ಟು ನಂಬಬಹುದು? ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ನನ್ನ ತಂಗಿಯದು 64 ಭಾಗಿಸು 2.19, ಅಂದರೆ 29.2. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಅಳತೆಯಲ್ಲಿ 30 ದಾಟಿದರೆ ಬೊಜ್ಜು, ಆದ್ದರಿಂದ ಅವಳು ‘ಅಧಿಕ ತೂಕ’ದವಳು ಮಾತ್ರ. ಭಾರತೀಯರಿಗೆಂದು 2009ರಲ್ಲಿ ತಜ್ಞರು ಒಪ್ಪಿದ ಅಳತೆಯಲ್ಲಿ 25ಕ್ಕೇ ಬೊಜ್ಜು. ಈ ಅಳತೆ ಇಳಿಸಲು ಕಾರಣವಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಸಿಕೊಂಡರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ಒಂದೇ ಸಂಖ್ಯೆಯ ಒಳಗೆ ಎರಡು ದೇಹ.

ನಮಗೆ ಹತ್ತಿರದ ಮೈಸೂರಿನಲ್ಲೂ ಇದಕ್ಕೆ ನಂಟಿರುವ ಕೆಲಸ ನಡೆದಿದೆ. ಅಲ್ಲಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹುಟ್ಟಿದ ಕೂಸುಗಳ ತೂಕವನ್ನು 1934ರಿಂದಲೂ ಬರೆದಿಟ್ಟಿತ್ತು. ಆ ದಾಖಲೆಗಳ ಜಾಡು ಹಿಡಿದು, ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚಾಗಿತ್ತು. ಕ್ಯಾನ್ಸರ್‌ಗೂ ಅದಕ್ಕೂ ಸಂಬಂಧವಿಲ್ಲ. ಎಳೆತನದಲ್ಲಿ ಮೈಗೆ ಆದದ್ದು ಐವತ್ತು ವರ್ಷದ ಮೇಲೂ ಲೆಕ್ಕಕ್ಕೆ ಬರುತ್ತದೆ ಎಂಬುದಷ್ಟೇ ನಮಗೆ ಬೇಕಾದದ್ದು. ಆ ಅಧ್ಯಯನ ಸಾಧ್ಯವಾದದ್ದು ಯಾರೋ ದಾದಿಯರು ಬರೆದಿಟ್ಟ ತೂಕದ ಪುಸ್ತಕಗಳಿಂದ ಎಂಬುದನ್ನೂ ಗಮನಿಸಿ.

ಸೇಂಟ್ ಜೂಡ್‌ನವರು ಉಳಿದವರನ್ನು ಮತ್ತೆ ಆಸ್ಪತ್ರೆಗೆ ಕರೆಸಿ, ಬರೀ ತೂಕ ಹಾಕದೆ, ಸ್ನಾಯು ಎಷ್ಟಿದೆ, ಕೈಹಿಡಿತ ಎಷ್ಟು, ನಡಿಗೆ ಎಷ್ಟು ಬೇಗ, ಸುಸ್ತು ಎಷ್ಟು ಎಂದು ಅಳೆದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಸರಾಸರಿ ವಯಸ್ಸು 33ರ ಆಸುಪಾಸು, ಆದರೆ ಹೆಂಗಸರಲ್ಲಿ 100ಕ್ಕೆ 13 ಮಂದಿ, ಗಂಡಸರಲ್ಲಿ ಸುಮಾರು 3 ಮಂದಿ ವೃದ್ಧರಲ್ಲಿ ಕಾಣುವಷ್ಟು ನಿಶ್ಶಕ್ತರು. ತಕ್ಕಡಿಯ ಮುಳ್ಳು ಮಧ್ಯದಲ್ಲೇ ನಿಂತಿದ್ದರೂ ಒಳಗೆ ಸ್ನಾಯು ಹೋಗಿ ಕೊಬ್ಬು ಬಂದಿರಬಹುದು. ಆದ್ದರಿಂದ ಸೊಂಟದ ಸುತ್ತಳತೆಯನ್ನೂ ನೋಡಬೇಕು. ನಮ್ಮ ಜನಕ್ಕೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮಿತಿ.

ಮಾಡಬಹುದಾದದ್ದು ಇದೆ. ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನಂಶ, ಥೈರಾಯ್ಡ್ ಪರೀಕ್ಷೆಗಳು ತಾಲ್ಲೂಕು ಮಟ್ಟದಲ್ಲೇ ಆಗುತ್ತವೆ. ತಲೆಗೆ ವಿಕಿರಣ ಪಡೆದವರು ಬೆಳವಣಿಗೆ ಹಾರ್ಮೋನಿನ ಬಗ್ಗೆ ಹಾರ್ಮೋನು ತಜ್ಞರನ್ನು ಕೇಳಬೇಕು. ಓದುವ ವಯಸ್ಸಿನ ಮಕ್ಕಳಾದರೆ ತಡ ಮಾಡದೆ ಕೇಳಬೇಕು, ಮೂಳೆಯ ತುದಿ ಮುಚ್ಚಿದ ಮೇಲೆ ಎತ್ತರ ಬರುವುದಿಲ್ಲ. ವ್ಯಾಯಾಮದಿಂದ ಸ್ನಾಯು ತಕ್ಕಮಟ್ಟಿಗೆ ಮರಳುತ್ತದೆ. ಆದರೆ ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಪಡೆದವರ ಹೃದಯಕ್ಕೆ ಪೆಟ್ಟಾಗಿರಬಹುದು. ಭಾರ ಎತ್ತುವ ಮುಂಚೆ ಎಕೋ ಮಾಡಿಸಿ ವೈದ್ಯರ ಒಪ್ಪಿಗೆ ಪಡೆಯಲಿ. ರಂಜಾನ್ ಉಪವಾಸವಿರಲಿ, ಏಕಾದಶಿಯಿರಲಿ, ತೂಕ ಇಳಿಯುತ್ತದೆಂದು ತಾವೇ ಹಿಡಿಯುವ ಉಪವಾಸವಿರಲಿ, ಸ್ಟೀರಾಯ್ಡ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳುವುದು ಕಡ್ಡಾಯ. ನನ್ನ ತಂಗಿ ಎರಡು ವರ್ಷದಿಂದ ಸಂಜೆ ನಾಲೆ ಏರಿಯ ಮೇಲೆ ನಡೆಯುತ್ತಾಳೆ. ತೂಕ ಎರಡು ಕಿಲೋ ಇಳಿದು ಅಲ್ಲೇ ನಿಂತಿದೆ. ಮೆಟ್ಟಿಲು ಹತ್ತಿದರೆ ಮೊದಲಿನ ಏದುಸಿರು ಇಲ್ಲ ಎನ್ನುತ್ತಾಳೆ.

ಇದೆಲ್ಲಕ್ಕೂ ಮೊದಲು ಬೇಕಾದದ್ದು ಹಳೆಯ ಕಾಗದ. ಯಾವ ಔಷಧ, ಒಟ್ಟು ಎಷ್ಟು, ವಿಕಿರಣ ಎಲ್ಲಿಗೆ, ಎಷ್ಟು ಗ್ರೇ, ಆಗ ವಯಸ್ಸೆಷ್ಟು ಎಂಬುದು ಗೊತ್ತಿಲ್ಲದೆ ಯಾವ ವೈದ್ಯರೂ ಅಪಾಯ ಅಂದಾಜು ಮಾಡಲಾರರು. ನಮ್ಮ ಮನೆಯ ಡಿಸ್ಚಾರ್ಜ್ ಚೀಟಿ ಅಮ್ಮನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗಿತ್ತು. ತಲೆಗೆ 2000 ಸೆಂಟಿಗ್ರೇ, 10 ಕಂತು ಎಂದು ಬರೆದಿತ್ತು; 100 ಸೆಂಟಿಗ್ರೇಗೆ 1 ಗ್ರೇ, ಅಂದರೆ 20 ಗ್ರೇ. 2003ರ ವರದಿಯ ಯಾವ ಸಾಲಿಗೆ ಅವಳು ಸೇರುತ್ತಾಳೆ ಎಂದು ನಿಮಗೀಗ ಗೊತ್ತಾಗಿರಬೇಕು. ಆ ಚೀಟಿ ತೋರಿಸಿದ ದಿನ ಹಾರ್ಮೋನು ತಜ್ಞರು ಮೊದಲ ಬಾರಿಗೆ ಊಟದ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಕೇಳಿದರು.

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಬಾಲ್ಯದಲ್ಲಿ ಈ ಚಿಕಿತ್ಸೆ ಪಡೆದವರಿದ್ದರೆ, ಹಳೆಯ ಚೀಟಿಗಳನ್ನು ಈ ರಜೆಯಲ್ಲಿ ಹುಡುಕಿಸಿ, ಫೋಟೋ ತೆಗೆದಿಡಿ. ತೊಂಬತ್ತರ ದಶಕದ ಶಾಯಿ ಮಾಸುತ್ತಿದೆ. ಚೀಟಿ ಸಿಗದಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ರೋಗಿಯ ನೋಂದಣಿ ಸಂಖ್ಯೆ, ಇಸವಿ ಹಾಕಿ ಅರ್ಜಿ ಬರೆಯಬಹುದು. ಅರ್ಜಿ ಬರೆಯಲು, ಚೀಟಿಯಲ್ಲಿರುವ ಪದಗಳನ್ನು ಬಿಡಿಸಿಕೊಳ್ಳಲು ಬೇಕಾದವರು ಶನಿವಾರ ತರಗತಿ ಮುಗಿದ ಮೇಲೆ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಬನ್ನಿ. ಯಾರ ಚೀಟಿ ಎಂದು ನಾನು ಕೇಳುವುದಿಲ್ಲ.